ಎರಡನೇ ಸೀಟಿನ ನಾಟಕ

ಬಳ್ಳಿಗಾವಿಯ ಗಂಡಭೇರುಂಡ ಕಂಬವನ್ನು ಶಿಕಾರಿಪುರದವರಿಗೆ ಹೊಸದಾಗಿ ಪರಿಚಯಿಸಬೇಕಾಗಿಲ್ಲ. ಶಾಲೆಯ ಒಂದು ದಿನದ ಪ್ರವಾಸಕ್ಕೆ ಹೋಗಿ, ಕೇದಾರೇಶ್ವರನ ಗುಡಿಯ ನೆರಳಲ್ಲಿ ಬುತ್ತಿ ಬಿಚ್ಚಿ ಉಂಡು ಬಂದವರೇ ಈ ಸೀಮೆಯಲ್ಲಿ ಹೆಚ್ಚು. ಬನವಾಸಿ ನಾಡನ್ನು ಆಳುತ್ತಿದ್ದ ಚಾವುಂಡರಾಯ 1047ರಲ್ಲಿ ಅದನ್ನು ನಿಲ್ಲಿಸಿದ. ಎತ್ತರ ಸುಮಾರು 30 ಅಡಿ. ಗಂಡಭೇರುಂಡನಿಗೆ ಮನುಷ್ಯನ ಮೈ, ಹಕ್ಕಿಯ ತಲೆ. ತಲೆ ಒಂದಲ್ಲ, ಎರಡು. ಒಂದು ಈ ಕಡೆ ನೋಡುತ್ತದೆ, ಇನ್ನೊಂದು ಆ ಕಡೆ. ಎರಡರಲ್ಲಿ ಮೊದಲನೆಯದು ಯಾವುದು ಎಂದು ಯಾವ ಮೇಷ್ಟರೂ ಹೇಳಿಕೊಟ್ಟದ್ದಿಲ್ಲ.

ಇದೇ ಹಕ್ಕಿ ಮೈಸೂರು ಅರಸರ ಲಾಂಛನವಾಯಿತು. ಆಮೇಲೆ ಕರ್ನಾಟಕ ಸರ್ಕಾರದ ಮುದ್ರೆಗೆ ಬಂತು, ಸಾರಿಗೆ ಸಂಸ್ಥೆಯ ಕೆಂಪು ಬಸ್ಸಿನ ಮೈಮೇಲೂ ಕೂತಿತು. 1940ರ ದಶಕದ ಕೊನೆಯ ಹೊತ್ತಿಗೆ ಆ ಅರಸರ ಬಳಿ ಒಂದು ಡಕೋಟಾ ವಿಮಾನವಿತ್ತು. ಎರಡು ಎಂಜಿನ್ನು, ಮುಂದೆ ಅಕ್ಕಪಕ್ಕ ಎರಡು ಸೀಟು. ಒಂದರಲ್ಲಿ ಕ್ಯಾಪ್ಟನ್ ವಿ. ಸುಂದರಂ ಕೂರುತ್ತಿದ್ದರು. ಇನ್ನೊಂದರಲ್ಲಿ ಕೋ-ಪೈಲಟ್ ಆಗಿ ಅವರ ಹೆಂಡತಿ ಉಷಾ ಸುಂದರಂ. ಜವಾಹರಲಾಲ್ ನೆಹರೂ, ಸರ್ದಾರ್ ಪಟೇಲರನ್ನು ಹೊತ್ತು ಹಾರಿದ್ದೂ ಈ ಜೋಡಿಯೇ.

ಬೆಂಗಳೂರಿನ ಜಕ್ಕೂರಿನಲ್ಲಿರುವ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯಿಂದ 1949ರಲ್ಲಿ ಮೊದಲಿಗರಾಗಿ ತೇರ್ಗಡೆಯಾಗಿ ಹೊರಬಂದವರು ಉಷಾ. ಆಗ ಅವರಿಗೆ ಇಪ್ಪತ್ತೈದರ ಆಸುಪಾಸು. ಹೆಂಗಸರಲ್ಲಿ ಮೊದಲಿಗರು ಎಂದಲ್ಲ, ಆ ಶಾಲೆಯ ವಿದ್ಯಾರ್ಥಿಗಳಲ್ಲೇ ಮೊದಲಿಗರು. ಈ ಸಣ್ಣ ವ್ಯತ್ಯಾಸವನ್ನು ನಾಟಕ ಬರೆಯುವವರು ನೆನಪಿಡಬೇಕು, ಮುಂದೆ ಬೇಕಾಗುತ್ತದೆ. 1951ರಲ್ಲಿ ಮದ್ರಾಸ್ ಸರ್ಕಾರ ಒಂದು ಡಿ ಹ್ಯಾವಿಲೆಂಡ್ ಡವ್ ವಿಮಾನ ಕೊಂಡಿತು. ಅದನ್ನು ಲಂಡನ್ನಿನಿಂದ ತಂದುಕೊಡುವ ಕೆಲಸ ಗಂಡ–ಹೆಂಡತಿಯ ಪಾಲಿಗೆ ಬಂತು. ಲಂಡನ್ನಿನಿಂದ ಮುಂಬಯಿಗೆ 27 ಗಂಟೆ. ಪಿಸ್ಟನ್ ಎಂಜಿನ್ನಿನ ವಿಮಾನಕ್ಕೆ ಅದು ದಾಖಲೆ. ಹಡಗಿನಲ್ಲಿ ಹೋದವರಿಗೆ ಅದೇ ದಾರಿಗೆ ಎರಡು–ಮೂರು ವಾರ ಹಿಡಿಯುತ್ತಿದ್ದ ಕಾಲ ಅದು. 

ಈ ಉಪನ್ಯಾಸದ ಪ್ರಶ್ನೆ ಸರಳ. ಶಿಕಾರಿಪುರದಲ್ಲೋ ಸೊರಬದಲ್ಲೋ ಇರುವ ಒಬ್ಬ ರಂಗಕರ್ಮಿ ಉಷಾ ಅವರ ಮೇಲೆ ನಾಟಕ ಬರೆಯಲು ಕುಳಿತರೆ ಎಲ್ಲಿಂದ ಹಿಡಿಯಬೇಕು?

ಎಲ್ಲಿಂದ ಹಿಡಿಯಬಾರದು ಎಂದು ಹೇಳುವುದು ಸುಲಭ. ‘ಪ್ರಥಮ ಮಹಿಳೆ’ ಎಂಬ ಬಿರುದಿನಿಂದ ಹಿಡಿಯಬಾರದು. ಬಿರುದು ಸನ್ಮಾನ ಪತ್ರಕ್ಕೆ ಸರಿ, ನಾಟಕಕ್ಕೆ ಮಾರಿ. ಬಿರುದಿನಿಂದ ಶುರುವಾದ ನಾಟಕ ಬಾಲ್ಯದಲ್ಲಿ ಹಕ್ಕಿ ನೋಡುವ ಹುಡುಗಿ, ಬೇಡ ಎನ್ನುವ ಅಪ್ಪ, ಕೊನೆಗೆ ಹಾರ–ತುರಾಯಿ ಎಂಬ ಮೂರು ದೃಶ್ಯಕ್ಕೆ ತಾನಾಗಿ ಜಾರುತ್ತದೆ. ಮಕ್ಕಳ ದಿನಾಚರಣೆಗೆ ಅಷ್ಟು ಸಾಕು. ಅದಲ್ಲದೆ ಈ ‘ಪ್ರಥಮ’ ಎಂಬುದೇ ಬಹಳ ಜನರಿಗೆ ಸೇರಿದ ಆಸ್ತಿ. 1936ರಲ್ಲಿ ಸರಳಾ ಠಕ್ರಾಲ್ ಎಂಬ ಇಪ್ಪತ್ತೊಂದರ ಹೆಣ್ಣುಮಗಳು ಸೀರೆಯುಟ್ಟು ಜಿಪ್ಸಿ ಮಾತ್ ವಿಮಾನವನ್ನು ಒಬ್ಬಳೇ ಹಾರಿಸಿದಳು. ಮನೆಯಲ್ಲಿ ನಾಲ್ಕು ವರ್ಷದ ಮಗಳಿದ್ದಳು. 1947ರಲ್ಲಿ ಪ್ರೇಮ್ ಮಾಥುರ್ ವಾಣಿಜ್ಯ ಪೈಲಟ್ ಲೈಸೆನ್ಸ್ ಪಡೆದರು. ಎಂಟು ಕಂಪನಿಗಳು ಬಾಗಿಲು ಹಾಕಿದವು. ಹೆಂಗಸು ಓಡಿಸುತ್ತಾಳೆಂದರೆ ಪ್ರಯಾಣಿಕರು ಹೆದರುತ್ತಾರೆ ಎಂಬುದು ಅವುಗಳ ನೆಪ. ಕೊನೆಗೆ ಕೆಲಸ ಕೊಟ್ಟದ್ದು ಹೈದರಾಬಾದಿನ ಡೆಕ್ಕನ್ ಏರ್‌ವೇಸ್. ಅಲ್ಲೂ ಸಿಕ್ಕಿದ್ದು ಕೋ-ಪೈಲಟ್ ಸೀಟೇ. ಇವರಲ್ಲಿ ಯಾರು ಮೊದಲು, ಯಾವ ಲೆಕ್ಕದಲ್ಲಿ ಮೊದಲು ಎಂಬ ಜಗಳವನ್ನು ರಸಪ್ರಶ್ನೆಯವರಿಗೆ ಬಿಟ್ಟುಬಿಡಬಹುದು.

ನಾಟಕ ಇರುವುದು ಆ ಎರಡನೇ ಸೀಟಿನಲ್ಲಿ.

ಪೈಲಟ್‌ಗಳ ಬಳಿ ಲಾಗ್‌ಬುಕ್ ಎಂಬ ಪುಸ್ತಕವಿರುತ್ತದೆ. ಅಂಗಡಿಯವರ ಖಾತೆ ಪುಸ್ತಕದಂತೆ ಅಡ್ಡ ಉದ್ದ ಗೆರೆ. ತಾರೀಖು, ವಿಮಾನದ ಜಾತಿ, ಅದರ ನೋಂದಣಿ ಅಕ್ಷರ, ಎಲ್ಲಿಂದ, ಎಲ್ಲಿಗೆ, ಎಷ್ಟು ಗಂಟೆ, ಹಗಲೋ ರಾತ್ರಿಯೋ. ಇವುಗಳ ನಡುವೆ ಎರಡು ಅಂಕಣ ಇರುತ್ತವೆ: ಈ ಗಂಟೆಗಳನ್ನು ಹಾರಿದ್ದು ಕ್ಯಾಪ್ಟನ್ ಆಗಿಯೋ, ಕೋ-ಪೈಲಟ್ ಆಗಿಯೋ? ಕೈ ಅದೇ, ಕಣ್ಣು ಅದೇ, ಮೋಡ ಅದೇ. ಗಂಟೆ ಮಾತ್ರ ಬೇರೆ ಅಂಕಣಕ್ಕೆ ಹೋಗುತ್ತದೆ. ಕ್ಯಾಪ್ಟನ್ ಆಗಬೇಕಾದವರು ದುಡಿಯಬೇಕಾದದ್ದು ಮೊದಲ ಅಂಕಣಕ್ಕಾಗಿ. ಇನ್ನು ಕ್ಯಾಪ್ಟನ್ ಗಂಡನೇ ಆಗಿದ್ದರೆ? ಮನೆಯಲ್ಲಿ ಅನ್ನ ಬಡಿಸಿದ ಕೈ, ಬೆಳಿಗ್ಗೆ ಅದೇ ಮನುಷ್ಯನ ಪಕ್ಕ ಕೂತು ಚೆಕ್‌ಲಿಸ್ಟ್ ಓದಿ ಅವನ ಉತ್ತರಕ್ಕೆ ಕಾಯುತ್ತದೆ. ಅಲ್ಲಿ ‘ರೀ’ ಎನ್ನಬೇಕೋ, ‘ಸರ್’ ಎನ್ನಬೇಕೋ, ‘ಕ್ಯಾಪ್ಟನ್’ ಎನ್ನಬೇಕೋ? ಈ ಮೂರು ಪದಗಳ ನಡುವೆಯೇ ಒಂದು ಅಂಕ ಬರೆಯಬಹುದು. ಕನ್ನಡ ನಾಟಕಕಾರರಿಗೆ ಇಂಗ್ಲಿಷಿನವರಿಗಿಲ್ಲದ ಅನುಕೂಲ ಇದು. ಅವರಿಗೆ ಎಲ್ಲದಕ್ಕೂ ಒಂದೇ ‘ಯೂ’.

ಭಾಷೆಯ ಮಾತು ಬಂದಾಗ ಇನ್ನೊಂದು. ಕನ್ನಡ ಪತ್ರಿಕೆಗಳು ಏರ್ ಹೋಸ್ಟೆಸ್‌ಗೆ ‘ಗಗನಸಖಿ’ ಎಂಬ ಚಂದದ ಪದ ಕೊಟ್ಟವು, ಅದು ನಿಂತಿತು. ವಿಮಾನ ಓಡಿಸುವ ಹೆಂಗಸಿಗೆ ಇವತ್ತಿಗೂ ‘ಮಹಿಳಾ ಪೈಲಟ್’. ಟ್ರೇ ಹಿಡಿದವಳು ಸಖಿಯಾದಳು, ಸ್ಟೀರಿಂಗ್ ಹಿಡಿದವಳಿಗೆ ಹೆಸರೇ ಹುಟ್ಟಲಿಲ್ಲ. ಹಾಗೆಂದು ನಾಟಕಕಾರರು ಕೂತು ‘ವೈಮಾನಿಕಿ’ ಎಂದೇನಾದರೂ ಟಂಕಿಸಿದರೆ ಪ್ರೇಕ್ಷಕರು ನಗುತ್ತಾರೆ. ಪೈಲಟ್ ಎಂದೇ ಇರಲಿ. ನಟಿಯ ಬಾಯಲ್ಲಿ ಆ ಪದ ಮಹಿಳೆ ಎಂಬ ವಿಶೇಷಣವನ್ನು ತಾನೇ ಕಳಚಿಕೊಳ್ಳುತ್ತದೆ.

ಎರಡನೇ ಸೀಟಿನ ಕಥೆ ಹೊರದೇಶಕ್ಕೂ ಹೊಸದಲ್ಲ. ಅಮೇಲಿಯಾ ಇಯರ್‌ಹಾರ್ಟ್ ಎಂದರೆ ಎಲ್ಲರಿಗೂ 1932ರಲ್ಲಿ ಅಟ್ಲಾಂಟಿಕ್ ಸಾಗರವನ್ನು ಒಬ್ಬರೇ ದಾಟಿದ್ದು ನೆನಪಾಗುತ್ತದೆ. ಆದರೆ ಅವರು ಪ್ರಸಿದ್ಧರಾದದ್ದು ಅದಕ್ಕೆ ನಾಲ್ಕು ವರ್ಷ ಮೊದಲು, 1928ರಲ್ಲಿ, ಬರೀ ಪ್ರಯಾಣಿಕಳಾಗಿ ಅದೇ ಸಾಗರ ದಾಟಿದಾಗ. ವಿಮಾನ ಓಡಿಸಿದವರು ಇಬ್ಬರು ಗಂಡಸರು. ಊರೆಲ್ಲ ಜೈಕಾರ ಹಾಕುತ್ತಿದ್ದರೆ ಅಮೇಲಿಯಾ ತಾನು ಹೋಗಿದ್ದು ಆಲೂಗಡ್ಡೆ ಮೂಟೆಯ ಹಾಗೆ ಎಂದು ಹೇಳಿಕೊಂಡರು. ಆ ನಾಲ್ಕು ವರ್ಷದ ಅವಮಾನದಲ್ಲಿ ನಾಟಕವಿದೆ. ಸಾಗರ ದಾಟಿದ ಹದಿನೈದು ಗಂಟೆಯಲ್ಲಿ ಅಷ್ಟಿಲ್ಲ.

ಹಾರುವವರ ಮೇಲೆ ನಾಟಕ ಬರೆದವರು ಏನು ಮಾಡಿದರು ಎಂದು ಸ್ವಲ್ಪ ನೋಡಬೇಕು. ಲಿಂಡ್‌ಬರ್ಗ್ 1927ರಲ್ಲಿ ನ್ಯೂಯಾರ್ಕಿನಿಂದ ಪ್ಯಾರಿಸ್ಸಿಗೆ ಒಬ್ಬನೇ ಹಾರಿದ. ಎರಡೇ ವರ್ಷದಲ್ಲಿ, 1929ರಲ್ಲಿ, ಬ್ರೆಕ್ಟ್ ಅದರ ಮೇಲೆ ರೇಡಿಯೊ ನಾಟಕ ಬರೆದ. ಅದರಲ್ಲಿ ಮಂಜು ಮಾತಾಡುತ್ತದೆ, ಹಿಮದ ಬಿರುಗಾಳಿ ಮಾತಾಡುತ್ತದೆ, ನಿದ್ದೆ ಬಂದು ಪೈಲಟ್‌ನ ಕಿವಿಯಲ್ಲಿ ಮಲಗು ಮಲಗು ಎನ್ನುತ್ತದೆ. ಮುಂದೆ ಲಿಂಡ್‌ಬರ್ಗ್ ನಾಜಿ ಜರ್ಮನಿಗೆ ಹತ್ತಿರವಾದ, 1938ರಲ್ಲಿ ಗೋರಿಂಗ್‌ನ ಕೈಯಿಂದ ಪದಕವನ್ನೂ ತೊಡಿಸಿಕೊಂಡ. ಯುದ್ಧ ಮುಗಿದ ಮೇಲೆ ಬ್ರೆಕ್ಟ್ ತನ್ನ ನಾಟಕದಿಂದ ಅವನ ಹೆಸರನ್ನೇ ಕಿತ್ತುಹಾಕಿದ. ನಾಟಕ ಉಳಿಯಿತು, ಹೆಸರು ಹೋಯಿತು. ವ್ಯಕ್ತಿಪೂಜೆಗೆ ನಾಟಕ ಬರೆಯುವವರು ಇದನ್ನೊಮ್ಮೆ ಓದುವುದು ಒಳ್ಳೆಯದು.

ಇನ್ನೊಂದು ಆರ್ಥರ್ ಕಾಪಿಟ್‌ನ ‘ವಿಂಗ್ಸ್’. 1976ರಲ್ಲಿ ಅವನ ತಂದೆಗೆ ಪಾರ್ಶ್ವವಾಯು ಹೊಡೆದು ಮಾತು ಬಿದ್ದುಹೋಯಿತು. ತಂದೆಯನ್ನು ನೋಡಲು ಹೋಗುತ್ತಿದ್ದ ಆಸ್ಪತ್ರೆಯಲ್ಲಿ ಅದೇ ಕಾಯಿಲೆಯ ಒಬ್ಬ ವೃದ್ಧೆ ಸಿಕ್ಕರು. ಹರೆಯದಲ್ಲಿ ವಿಮಾನ ಹಾರಿಸಿದವರು, ಹಾರುವ ವಿಮಾನದ ರೆಕ್ಕೆಯ ಮೇಲೆ ನಡೆದವರು. ಕಾಪಿಟ್‌ಗೆ ನಾಟಕ ಅಲ್ಲಿ ಸಿಕ್ಕಿತು. ಮೊದಲು ರೇಡಿಯೊಗೆ ಬರೆದ, 1978ರಲ್ಲಿ ರಂಗಕ್ಕೆ ತಂದ. ಎಮಿಲಿ ಸ್ಟಿಲ್ಸನ್ ಎಂಬ ಆ ಪಾತ್ರಕ್ಕೆ ಪದಗಳು ಕೈಕೊಡುತ್ತವೆ. ಚಮಚಕ್ಕೆ ಚಮಚ ಎನ್ನಲಾಗುವುದಿಲ್ಲ. ಆದರೆ ಕತ್ತಲಲ್ಲಿ ದಾರಿ ತಪ್ಪಿ ಹಾರಿದ ರಾತ್ರಿ ಮಾತ್ರ ನೆನಪಿದೆ. ಆ ನಾಟಕದ ಹೂರಣವೆಲ್ಲ ಮಾತು ಕಳೆದುಕೊಂಡವಳ ಒಳಗಿನ ಆಕಾಶ. ಜಾರ್ಜ್ ಬ್ರಾಂಟ್‌ನ ‘ಗ್ರೌಂಡೆಡ್’ ಇತ್ತೀಚಿನದು. ಬಸುರಿಯಾದ ಯುದ್ಧವಿಮಾನದ ಪೈಲಟ್ ಒಬ್ಬಳನ್ನು ಮರಳುಗಾಡಿನ ಕೋಣೆಯಲ್ಲಿ ಕೂರಿಸಿ ಡ್ರೋನ್ ಹಾರಿಸಲು ಹಚ್ಚುತ್ತಾರೆ. ಇಡೀ ನಾಟಕಕ್ಕೆ ಒಬ್ಬಳೇ ನಟಿ, ಅವಳಿಗೆ ಹೆಸರೂ ಇಲ್ಲ.

ಮೂರರಲ್ಲೂ ಕಣ್ಣಿಗೆ ಬೀಳುವ ಒಂದು ಸಂಗತಿ: ರಂಗದ ಮೇಲೆ ವಿಮಾನ ಬರುವುದಿಲ್ಲ.

ಕನ್ನಡ ರಂಗಭೂಮಿಗೆ ಈ ಪಾಠ ಹೊರಗಿನವರು ಹೇಳಿಕೊಡಬೇಕಾದದ್ದಲ್ಲ. ಶಿಕಾರಿಪುರವೆಂದರೆ ಹುಚ್ಚರಾಯಸ್ವಾಮಿಯ ಊರು. ಕದರಮಂಡಲಗಿಯ ಕಾಂತೇಶ, ಸಾತೇನಹಳ್ಳಿಯ ಶಾಂತೇಶ, ಶಿಕಾರಿಪುರದ ಭ್ರಾಂತೇಶ, ಮೂವರೂ ಸಮುದ್ರ ಹಾರಿದ ಹನುಮಂತರೇ. ಆ ಹನುಮಂತ ಯಕ್ಷಗಾನದ ಆಟದ ರಂಗಸ್ಥಳಕ್ಕೆ ಬಂದರೆ ಹೇಗೆ ಹಾರುತ್ತಾನೆ? ಹಗ್ಗವಿಲ್ಲ, ರಾಟೆಯಿಲ್ಲ. ‘ರಥ’ ಎಂದು ಕರೆಯುವ ಒಂದು ಮರದ ಪೀಠ. ಅದೇ ಸಿಂಹಾಸನ, ಅದೇ ಬೆಟ್ಟ, ಅದೇ ಪುಷ್ಪಕ ವಿಮಾನ. ವೇಷಧಾರಿ ಅದರ ಮೇಲೆ ಕಾಲಿಟ್ಟು ಒಮ್ಮೆ ಮೈ ಮುಂದಕ್ಕೆ ಬಾಗಿಸಿದನೆಂದರೆ ಸೊರಬದ ಗದ್ದೆಬಯಲಲ್ಲಿ ಕೂತವರಿಗೆ ಕೆಳಗೆ ಸಮುದ್ರ ಕಾಣುತ್ತದೆ. ಕಂಪನಿ ನಾಟಕದವರು ಇದಕ್ಕೆ ತದ್ವಿರುದ್ಧ. ಗುಬ್ಬಿ ವೀರಣ್ಣನವರ ‘ಕುರುಕ್ಷೇತ್ರ’ದಲ್ಲಿ ರಂಗದ ಮೇಲೆ ನಿಜವಾದ ಆನೆ, ಕುದುರೆ ಬಂದವು. ಜನ ಬಾಯಿಬಿಟ್ಟು ನೋಡಿದರು, ಅದೂ ಒಂದು ಸುಖವೇ. ಆದರೆ ಪಂಚಾಯಿತಿ ಸಭಾಂಗಣದಲ್ಲಿ, ಹೈಸ್ಕೂಲಿನ ಜಗುಲಿಯ ಮೇಲೆ ಆಡಬೇಕಾದ ತಂಡಕ್ಕೆ ಡಕೋಟಾ ಕಟ್ಟುವ ಶಕ್ತಿ ಎಲ್ಲಿಂದ ಬರಬೇಕು? ರಥ ಸಾಕು. ಡಕೋಟಾಕ್ಕೆ ಎರಡು ರಥ.

ಕಟ್ಟಬೇಕಾದದ್ದು ಸದ್ದನ್ನು. ಇದು ಸ್ವಲ್ಪ ವಿವರವಾಗಿ ಹೇಳಬೇಕಾದ ವಿಷಯ. ಎರಡು ಎಂಜಿನ್ನಿನ ವಿಮಾನದಲ್ಲಿ ಎರಡೂ ಪ್ರೊಪೆಲರುಗಳು ಒಂದೇ ವೇಗದಲ್ಲಿ ತಿರುಗದಿದ್ದರೆ ಒಂದು ತೊಂದರೆ ಇದೆ. ಗುಂಯ್ ಎಂಬ ಸದ್ದು ಸಮನಾಗಿ ಬರುವುದಿಲ್ಲ. ವ್ರೂಂ… ವ್ರೂಂ… ಎಂದು ಅಲೆ ಅಲೆಯಾಗಿ ಏರಿಳಿಯುತ್ತದೆ. ಒಳಗೆ ಕೂತವರ ಎದೆಗೂಡಿಗೆ ಅದು ಬಡಿಯುತ್ತದೆ, ಗಂಟೆಗಟ್ಟಲೆ ಕೇಳಿದರೆ ತಲೆ ಸಿಡಿಯುತ್ತದೆ. ಹಳೆಯ ಪೈಲಟ್‌ಗಳು ಅದನ್ನು ಕಿವಿಯಿಂದಲೇ ಸರಿಪಡಿಸುತ್ತಿದ್ದರು. ಒಂದು ಎಂಜಿನ್ನಿನ ಹಿಡಿಯನ್ನು ಕೂದಲೆಳೆಯಷ್ಟು ಸರಿಸುತ್ತ ಹೋದಂತೆ ಅಲೆ ನಿಧಾನವಾಗುತ್ತದೆ, ಉದ್ದವಾಗುತ್ತದೆ, ಒಂದು ಗಳಿಗೆಯಲ್ಲಿ ಇಲ್ಲವೇ ಆಗುತ್ತದೆ. ತಂಬೂರಿ ಶ್ರುತಿ ಮಾಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಈಗ ರಂಗದ ಎಡಕ್ಕೊಂದು, ಬಲಕ್ಕೊಂದು ಮದ್ದಳೆ ಇಡಿ. ಇಬ್ಬರೂ ಒಂದೇ ನಡೆ ಹಿಡಿಯಲಿ, ಒಬ್ಬರು ಮಾತ್ರ ಕೂದಲೆಳೆಯಷ್ಟು ಮುಂದೆ. ಪೆಟ್ಟುಗಳು ಒಂದರ ಮೇಲೊಂದು ಬಿದ್ದು, ಬಿಟ್ಟು, ಮತ್ತೆ ಬೀಳುತ್ತವೆ. ನಡುವೆ ಎರಡು ರಥದ ಮೇಲೆ ಇಬ್ಬರು. ಎರಡನೇ ಸೀಟಿನಲ್ಲಿರುವವಳು ಕಣ್ಣುಮುಚ್ಚಿ ಕೇಳುತ್ತಾಳೆ, ಕೈ ಚಾಚಿ ಗಾಳಿಯಲ್ಲಿ ಇಲ್ಲದ ಹಿಡಿಯೊಂದನ್ನು ಸರಿಸುತ್ತಾಳೆ. ಎರಡೂ ಮದ್ದಳೆ ಒಂದಾಗುತ್ತವೆ. ಮಾತಿಲ್ಲ. ಯಾರ ಕಿವಿ ಚುರುಕು ಎಂಬುದು ಪ್ರೇಕ್ಷಕರಿಗೆ ತಿಳಿಯಿತು. ಲಾಗ್‌ಬುಕ್ಕಿನ ಯಾವ ಅಂಕಣದಲ್ಲೂ ಅದಕ್ಕೆ ಜಾಗವಿಲ್ಲ ಎಂಬುದೂ ತಿಳಿಯಿತು. ಬಳ್ಳಿಗಾವಿಯ ಅಲ್ಲಮ ಗುಡಿಯಲ್ಲಿ ಮದ್ದಳೆ ಬಾರಿಸುತ್ತಿದ್ದ ಎಂದು ಹರಿಹರನಿಂದ ಕೇಳಿಕೊಂಡು ಬಂದ ಸೀಮೆ ಇದು. ಇಲ್ಲಿ ಈ ದೃಶ್ಯಕ್ಕೆ ಮದ್ದಳೆಯವರು ಸಿಗದೆ ಇದ್ದಾರೆಯೇ?

ಡಕೋಟಾದ ಇನ್ನೊಂದು ಗುಣವೂ ನಟರಿಗೆ ಬೇಕಾದದ್ದೇ. ಅದರ ಸಣ್ಣ ಚಕ್ರ ಇರುವುದು ಬಾಲದಲ್ಲಿ. ನೆಲದ ಮೇಲಿದ್ದಾಗ ಮೂತಿ ಆಕಾಶಕ್ಕೆ, ಬಾಲ ನೆಲಕ್ಕೆ. ಹತ್ತಿದವರು ತಮ್ಮ ಸೀಟಿಗೆ ಏರು ಹತ್ತಿದ ಹಾಗೆ ನಡೆಯಬೇಕು. ಪೈಲಟ್‌ಗೆ ಎದುರಿನ ದಾರಿ ನೆಟ್ಟಗೆ ಕಾಣುವುದಿಲ್ಲ. ವಿಮಾನವನ್ನು ಎಡಕ್ಕೆ ಬಲಕ್ಕೆ ಹಾವಿನಂತೆ ಹೊರಳಿಸುತ್ತ, ಪಕ್ಕದ ಕಿಟಕಿಯಿಂದ ಇಣುಕುತ್ತ ಸಾಗಬೇಕು. ಓಟ ಜೋರಾದಾಗ ಮೊದಲು ಬಾಲ ಏಳುತ್ತದೆ, ಆಗ ದಾರಿ ಕಾಣುತ್ತದೆ, ಆಮೇಲೆ ನೆಲ ಬಿಡುತ್ತದೆ. ಲಂಡನ್ನಿನಿಂದ ತಂದ ಡವ್‌ಗೆ ಚಕ್ರ ಮೂತಿಯ ಕೆಳಗಿತ್ತು. ಕೂತಲ್ಲಿಂದಲೇ ದಾರಿ ಕಾಣುತ್ತಿತ್ತು. ಒಂದರಲ್ಲಿ ಹಿಂದಕ್ಕೆ ವಾಲಿದ ಬೆನ್ನು, ಇನ್ನೊಂದರಲ್ಲಿ ನೆಟ್ಟನೆಯ ಬೆನ್ನು. ನಟಿಯ ಬೆನ್ನುಮೂಳೆಯೇ ಹೇಳಬೇಕು ಇದು ಯಾವ ವಿಮಾನ, ಯಾವ ವರ್ಷ ಎಂದು. ಆ ಕಾಲದ ಫ್ಲೈಯಿಂಗ್ ಕ್ಲಬ್ಬುಗಳ ತರಬೇತಿ ವಿಮಾನ ಟೈಗರ್ ಮಾತ್‌ಗಂತೂ ಸ್ಟಾರ್ಟರೂ ಇರಲಿಲ್ಲ, ಬ್ರೇಕೂ ಇರಲಿಲ್ಲ. ಕೆಳಗೆ ನಿಂತವನು ಕೈಯಿಂದಲೇ ಪ್ರೊಪೆಲರ್ ತಿರುಗಿಸಬೇಕು. ಅವನು ಕೂಗುತ್ತಾನೆ, ‘ಕಾಂಟ್ಯಾಕ್ಟ್!’ ಒಳಗಿನವಳು ಸ್ವಿಚ್ ಹಾಕಿ ಅದನ್ನೇ ತಿರುಗಿ ಕೂಗುತ್ತಾಳೆ. ಭಾಗವತರ ಮಾತಿಗೆ ವೇಷ ಹೂಂಗುಟ್ಟಿದ ಹಾಗೆ. ಅವಳು ಸೀರೆಯಲ್ಲಿದ್ದರೆ ಇನ್ನೊಂದು ಪೇಚು: ವಿಮಾನವನ್ನು ಹತೋಟಿಯಲ್ಲಿಡುವ ಕೋಲು ಎರಡು ಮೊಣಕಾಲ ನಡುವೆ ನಿಂತಿರುತ್ತದೆ. ನಿರಿಗೆಯನ್ನು ಎಲ್ಲಿ ಸಿಕ್ಕಿಸಬೇಕು? ಇದನ್ನು ಗಂಡಸು ನಿರ್ದೇಶಕರು ಯೋಚಿಸುವುದಿಲ್ಲ, ನಟಿಯೇ ತಾಲೀಮಿನಲ್ಲಿ ಕಂಡುಕೊಳ್ಳಬೇಕು.

ರಂಗಪರಿಕರ ಒಂದೇ ಒಂದು ಬೇಕು ಎನ್ನುವವರು ಸೊರಬದ ಗುಡಿಗಾರರ ಬಳಿ ಹೋಗಬಹುದು. ಶ್ರೀಗಂಧದ ಕೆತ್ತನೆಗೆ ಹೆಸರಾದ ಈ ಮನೆತನಗಳ ಕೈ ಬೆಂಡಿನ ಕೆಲಸದಲ್ಲೂ ಪಳಗಿದೆ. ಮದುವೆಯ ಬಾಸಿಂಗ ಆ ಬೆಂಡಿನದೇ. ಆಳೆತ್ತರದ ಪ್ರೊಪೆಲರನ್ನು ಬೆಂಡಿನಲ್ಲಿ ಮಾಡಿಸಿದರೆ ಹತ್ತನೇ ಕ್ಲಾಸಿನ ಹುಡುಗಿ ಒಂದು ಕೈಯಲ್ಲಿ ಎತ್ತಿ ಹಿಡಿದು ತಿರುಗಿಸಬಹುದು. ಇದು ಬರೀ ಖರ್ಚು ಉಳಿಸುವ ಉಪಾಯವಲ್ಲ. ಟೈಗರ್ ಮಾತ್‌ನ ರೆಕ್ಕೆ ಮರದ ಚೌಕಟ್ಟಿಗೆ ಬಟ್ಟೆ ಹೊದಿಸಿ, ಬಣ್ಣ ಬಳಿದು ಬಿಗಿಮಾಡಿದ್ದು. ನಿಜವಾದ ವಿಮಾನವೂ ಬಾಸಿಂಗದ ನೆಂಟನೇ ಆಗಿತ್ತು.

ಅಭ್ಯಾಸಕ್ಕೆ ಗುಡವಿ ಇದೆ. ಸೊರಬ ತಾಲ್ಲೂಕಿನ ಈ ಕೆರೆಗೆ ಮಳೆ ಹಿಡಿದ ಮೇಲೆ ಬೆಳ್ಳಕ್ಕಿ, ಕೆಂಬರಲು, ನೀರುಕಾಗೆ, ಹಾವಕ್ಕಿ ಬಂದು ನೀರಿನ ನಡುವಿನ ಮರಗಳಲ್ಲಿ ಗೂಡು ಕಟ್ಟುತ್ತವೆ. ಹಾರುವುದನ್ನು ಅಭಿನಯಿಸಬೇಕಾದವರು ಸಾಮಾನ್ಯವಾಗಿ ಎರಡು ಕೈ ಅಗಲಿಸಿ ಓಡುತ್ತಾರೆ. ಗುಡವಿಯಲ್ಲಿ ಒಂದು ಬೆಳಗು ಕೂತರೆ ಆ ಚಟ ಬಿಡುತ್ತದೆ. ಬೆಳ್ಳಕ್ಕಿ ಹಾರುವಾಗ ಕತ್ತನ್ನು ಒಳಗೆ ಮಡಚಿಕೊಳ್ಳುತ್ತದೆ, ಕೆಂಬರಲು ನೀಟಾಗಿ ಮುಂದಕ್ಕೆ ಚಾಚುತ್ತದೆ. ನೀರುಕಾಗೆ ಸುಲಭಕ್ಕೆ ಏಳುವುದಿಲ್ಲ. ನೀರಿನ ಮೇಲೆ ಪಟಪಟ ಕಾಲು ಬಡಿಯುತ್ತ ಬಹುದೂರ ಓಡಿ, ಇನ್ನೇನು ಆಗಲಿಲ್ಲ ಎನ್ನುವಾಗ ಏಳುತ್ತದೆ. ಭಾರ ಹೊತ್ತ ಡಕೋಟಾದ ಹಾಗೆ. ಇಳಿಯುವಾಗ ಎಲ್ಲವೂ ಗಾಳಿಗೆ ಎದುರಾಗಿ ತಿರುಗಿ, ಕಾಲು ಇಳಿಬಿಟ್ಟು, ರೆಕ್ಕೆ ಬಗ್ಗಿಸಿ ವೇಗ ಕೊಲ್ಲುತ್ತವೆ. ಪೈಲಟ್‌ಗಳು ಕಲಿಯುವ ಪಾಠವೂ ಅಕ್ಷರಶಃ ಇದೇ. ಹಾರುವುದರಲ್ಲಿ ಕಷ್ಟ ಇರುವುದು ಏಳುವಾಗ ಮತ್ತು ಇಳಿಯುವಾಗ. ನಡುವೆ ಇರುವುದು ಕಾಯುವುದು.

ಆ ಕಾಯುವುದನ್ನು ಹೇಗೆ ಆಡಿಸುವುದು ಎಂಬುದೇ ನಾಟಕದ ನಡುಭಾಗ. 27 ಗಂಟೆಯ ಲೆಕ್ಕ ಹಾಕಿ ನೋಡಿ. ಲಂಡನ್ನಿನಿಂದ ಮುಂಬಯಿಗೆ ನೇರ ಗೆರೆ ಎಳೆದರೂ 7,000 ಕಿಲೋಮೀಟರಿಗೆ ಮೇಲೆ. ಡವ್‌ನಂಥ ವಿಮಾನದ ನಡಿಗೆ ಗಂಟೆಗೆ ಸುಮಾರು 300 ಕಿಲೋಮೀಟರ್. ಒಮ್ಮೆ ತುಂಬಿಸಿದ ಪೆಟ್ರೋಲಿನಲ್ಲಿ ಅಷ್ಟು ದೂರ ಬರುವ ಮಾತೇ ಇಲ್ಲ. ಇಳಿಯಬೇಕು, ತುಂಬಿಸಬೇಕು, ಮತ್ತೆ ಏಳಬೇಕು. ಪೂರ್ವಕ್ಕೆ ಹಾರುವವರಿಗೆ ಕತ್ತಲೆ ಬೇಗ ಬರುತ್ತದೆ, ಬೇಗ ಮುಗಿಯುತ್ತದೆ. ಕೈಗಡಿಯಾರ ಒಂದು ಹೇಳುತ್ತದೆ, ಕಣ್ಣು ಇನ್ನೊಂದು ಹೇಳುತ್ತದೆ. ಇಂಥ ಹೊತ್ತಿಗೆ ಬ್ರೆಕ್ಟ್‌ನ ನಿದ್ದೆ ಬರಬೇಕು. ಆದರೆ ನಮ್ಮ ನಿದ್ದೆ ಜರ್ಮನಿಯ ನಿದ್ದೆಯಲ್ಲ. ರಾತ್ರಿಯಿಡೀ ಆಟ ನೋಡಿದ ಜನ ಇವರು. ಬೆಳಗಿನ ಜಾವ ಮೂರಕ್ಕೆ ಕಂಬಳಿಯೊಳಗೆ ಕತ್ತು ವಾಲುವುದು, ಚೆಂಡೆಯ ಪೆಟ್ಟಿಗೆ ಬೆಚ್ಚಿ ಏಳುವುದು, ಏನಾಯ್ತೇ ಎಂದು ಪಕ್ಕದವರನ್ನು ಕೇಳುವುದು, ಅವರೂ ನಿದ್ದೆ ಮಾಡುತ್ತಿದ್ದದ್ದು ಗೊತ್ತಾಗುವುದು, ಇದೆಲ್ಲ ಇಲ್ಲಿನವರ ಮೈಗೆ ಗೊತ್ತು. ನಿದ್ದೆಯನ್ನು ಒಂದು ವೇಷ ಮಾಡಿ ರಂಗಸ್ಥಳಕ್ಕೆ ಕರೆಯಿರಿ. ಸ್ತ್ರೀವೇಷವಿರಲಿ, ಸಾವಕಾಶದ ನಡೆ ಇರಲಿ, ಎರಡೂ ರಥವನ್ನು ಸುತ್ತಿ ಬರಲಿ. ಅವಳು ಮೊದಲು ಯಾರ ಭುಜದ ಮೇಲೆ ಕೈಯಿಡುತ್ತಾಳೆ?

ಇಂಥ ನಾಟಕ ಬರೆಯುವವರನ್ನು ಈ ಸೀಮೆಯಲ್ಲಿ ಎರಡು ದೊಡ್ಡ ಕಥೆಗಳು ಬಂದು ಅಡ್ಡಹಾಕುತ್ತವೆ. ಒಂದು ಉಡುತಡಿಯ ಅಕ್ಕ. ಅರಮನೆ ಬಿಟ್ಟು ಒಬ್ಬಳೇ ಹೊರಟವಳು. ಕನ್ನಡದಲ್ಲಿ ಹೊಸ್ತಿಲು ದಾಟಿದ ಪ್ರತಿ ಹೆಣ್ಣಿಗೂ ಅಕ್ಕನ ಸೆರಗು ಹೊದಿಸುವುದು ಅಭ್ಯಾಸವಾಗಿಬಿಟ್ಟಿದೆ. ಉಷಾ ಗಂಡನನ್ನು ಬಿಟ್ಟು ಹೊರಟವರಲ್ಲ, ಗಂಡನ ಪಕ್ಕ ಕೂತು ಹಾರಿದವರು. ಅವರ ಕಷ್ಟ ಬೇರೆ, ಸುಖ ಬೇರೆ. ಇನ್ನೊಂದು ಈಸೂರು. 1942ರಲ್ಲಿ ತನ್ನದೇ ಸರ್ಕಾರ ಘೋಷಿಸಿಕೊಂಡ ಹಳ್ಳಿ. ಮರುವರ್ಷ ಮಾರ್ಚಿನಲ್ಲಿ ಐವರು ಗಲ್ಲಿಗೇರಿದರು. ಅದು ನಾಟಕವಾಗಿ ಹುಟ್ಟಿದ ಕಥೆ. ಊರಿದೆ, ಎದುರಾಳಿ ಇದ್ದಾನೆ, ಸಾವಿದೆ. ಪೈಲಟ್ ಕಥೆಯಲ್ಲಿ ಎದುರಾಳಿಯೇ ಇಲ್ಲ, ದಪ್ಪ ಮೀಸೆಯ ಖಳನನ್ನು ಎಲ್ಲಿಂದಲೂ ತರಲಾಗದು. ಎಂಟು ಕಂಪನಿಗಳ ನಯವಾದ ಇಂಗ್ಲಿಷ್ ಕಾಗದಗಳಿವೆ, ಅಷ್ಟೇ. ಈ ಉಪನ್ಯಾಸಕನ ಅಭಿಪ್ರಾಯದಲ್ಲಿ ಅದೇ ಒಳ್ಳೆಯದು. ಖಳನಿಲ್ಲದ ನಾಟಕ ಬರೆಯುವುದು ಕನ್ನಡದವರು ಇನ್ನೂ ಚೆನ್ನಾಗಿ ಕಲಿಯಬೇಕಾದ ವಿದ್ಯೆ.

ಯಾರು ಆಡಬೇಕು ಎಂಬುದಕ್ಕೆ ಆರ್. ನಾಗರತ್ನಮ್ಮನವರನ್ನು ನೆನೆಯಬೇಕು. ಉಷಾ ಜಕ್ಕೂರಿನಿಂದ ಹೊರಬಂದ ಒಂಬತ್ತು ವರ್ಷಕ್ಕೆ, 1958ರಲ್ಲಿ, ಅವರು ಮೈಸೂರಿನಲ್ಲಿ ಸ್ತ್ರೀ ನಾಟಕ ಮಂಡಳಿ ಕಟ್ಟಿದರು. ಎಲ್ಲ ಪಾತ್ರವೂ ಹೆಂಗಸರದೇ. ರಾವಣ, ಕಂಸ, ಭೀಮ ಎಲ್ಲವೂ ನಾಗರತ್ನಮ್ಮನವರೇ. ಅದಕ್ಕೆ ಮೊದಲು ಗಂಡಸರು ಸೀತೆ, ದ್ರೌಪದಿಯರಾಗಿ ಮೆರೆದ ಕಾಲ ನಮ್ಮದು. ಅವರು ಆ ತಕ್ಕಡಿಯನ್ನು ತಿರುಗಿಸಿ ಹಿಡಿದರು. 2012ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಅವರು ಹೋದರು. ಅವರ ದಾರಿಯಲ್ಲೇ ಹೋಗಿ ಎರಡೂ ಸೀಟಿಗೆ ನಟಿಯರನ್ನೇ ಕೂರಿಸಿದರೆ? ಕ್ಯಾಪ್ಟನ್ ಗಂಡನ ಪಾತ್ರವನ್ನೂ ಹೆಂಗಸೇ ಮಾಡಿದರೆ, ಗಂಡ–ಹೆಂಡತಿ ಎಂಬುದು ಹಿಂದೆ ಸರಿದು, ಒಂದು ಸೀಟು–ಇನ್ನೊಂದು ಸೀಟು ಎಂಬುದೇ ಕಾಣುತ್ತದೆ. ನಿಜದ ಆಕಾಶದಲ್ಲಿ ಅದು ಆಗಿಹೋಗಿದೆ. 2021ರ ಜನವರಿ 11ರಂದು ಸ್ಯಾನ್ ಫ್ರಾನ್ಸಿಸ್ಕೊದಿಂದ ಉತ್ತರಧ್ರುವದ ಮೇಲೆ ಹಾದು ಬೆಂಗಳೂರಿಗೆ ಬಂದಿಳಿದ ಏರ್ ಇಂಡಿಯಾ ವಿಮಾನದ ಕಾಕ್‌ಪಿಟ್ಟಿನಲ್ಲಿ ಕ್ಯಾಪ್ಟನ್ ಜೋಯಾ ಅಗರ್ವಾಲ್ ಜೊತೆಗಿದ್ದವರೆಲ್ಲ ಹೆಂಗಸರೇ. ಸುಮಾರು ಹದಿನೇಳು ಗಂಟೆ, ನಡುವೆ ಎಲ್ಲೂ ಇಳಿಯದೆ.

ಉಷಾ ಅವರ ಮುಂದಿನ ಬದುಕು ನಾಟಕಕಾರರಿಗೆ ಒಂದು ಸಣ್ಣ ಬಲೆಯೂ ಹೌದು, ವರವೂ ಹೌದು. ಅವರು ಚೆನ್ನೈಯಲ್ಲಿ ನೆಲೆಸಿದರು. 1959ರಲ್ಲಿ ಆ ಊರು ಮಳೆನೀರಿನಲ್ಲಿ ಮುಳುಗಿದಾಗ ಸುಂದರಂ ನೀರಲ್ಲಿ ಒದ್ದಾಡುತ್ತಿದ್ದ ನಾಯಿಮರಿಗಳನ್ನು ಎತ್ತಿಕೊಂಡು ಮನೆಗೆ ತಂದರು. ಅಲ್ಲಿಂದ ಹುಟ್ಟಿದ್ದು ಬ್ಲೂ ಕ್ರಾಸ್ ಆಫ್ ಇಂಡಿಯಾ. ಬೀದಿನಾಯಿಗಳನ್ನು ಕೊಲ್ಲುವ ಬದಲು ಸಂತಾನಶಕ್ತಿ ಹರಣ ಮಾಡಿ ಬಿಡುವ ಪದ್ಧತಿಗೆ ಈ ದೇಶದಲ್ಲಿ ದಾರಿ ಮಾಡಿದ ಸಂಸ್ಥೆ ಅದು. ಅದನ್ನು ಕಟ್ಟಿದ್ದರಲ್ಲೂ ಉಷಾ ಪಾಲಿದೆ. ಪ್ರಧಾನಿಯನ್ನು ಹೊತ್ತು ಹಾರಿದ ಹೆಂಗಸು ನಾಯಿಮರಿಯ ಗಾಯ ಒರೆಸುವ ದೃಶ್ಯ ಬರೆಯಲು ಯಾರ ಕೈಯಾದರೂ ತುರಿಸುತ್ತದೆ. ಬರೆಯಲಿ. ಆದರೆ ಆಕಾಶದಿಂದ ನೆಲಕ್ಕೆ ಇಳಿದಳು, ಕರುಣೆ ಹರಿಯಿತು ಎಂದು ಹಿನ್ನೆಲೆಯಲ್ಲಿ ಕೊಳಲು ಊದಿಸಬಾರದು. ನಾಯಿಮರಿ ಒದ್ದೆಯಾಗಿರುತ್ತದೆ, ಕಚ್ಚುತ್ತದೆ, ಮನೆಯೆಲ್ಲ ಗಲೀಜು ಮಾಡುತ್ತದೆ. ಅದನ್ನು ತೋರಿಸಿದರೆ ಸಾಕು.

ಈ ನಾಟಕಕ್ಕೆ ಪ್ರೇಕ್ಷಕರು ಸಿದ್ಧರಿದ್ದಾರೆ. ಪಕ್ಕದ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ನೀನಾಸಂ ಹುಟ್ಟಿದ್ದು 1949ರಲ್ಲಿ, ಉಷಾ ಜಕ್ಕೂರಿನಲ್ಲಿ ತೇರ್ಗಡೆಯಾದ ವರ್ಷವೇ. 1985ರಿಂದ ಅದರ ತಿರುಗಾಟ ಊರೂರು ಸುತ್ತುತ್ತಿದೆ. ಹೊಸ ನಾಟಕವೆಂದರೆ ಹೆದರಿ ಎದ್ದುಹೋಗುವ ಜನ ಇಲ್ಲಿನವರಲ್ಲ. ವಿಮಾನವೂ ಈಗ ದೂರದ ಸಂಗತಿಯಲ್ಲ. 2023ರ ಫೆಬ್ರವರಿ 27ರಂದು ಸೋಗಾನೆಯಲ್ಲಿ ಕುವೆಂಪು ಹೆಸರಿನ ನಿಲ್ದಾಣ ಉದ್ಘಾಟನೆಯಾಯಿತು. ರನ್‌ವೇ ಉದ್ದ 3,200 ಮೀಟರ್. ಅದೇ ವರ್ಷದ ಆಗಸ್ಟ್ 31ಕ್ಕೆ ಬೆಂಗಳೂರಿನಿಂದ ಮೊದಲ ಪ್ರಯಾಣಿಕರ ವಿಮಾನ ಬಂತು. ಅದು ಎಟಿಆರ್: ಎರಡು ಎಂಜಿನ್ನು, ಎರಡು ಪ್ರೊಪೆಲರು, ಮುಂದೆ ಅಕ್ಕಪಕ್ಕ ಎರಡು ಸೀಟು.

ನಾಟಕ ಅಲ್ಲಿಂದಲೇ ತೆರೆಯಬಹುದು. ಒಬ್ಬಳು ಅಜ್ಜಿ, ಒಬ್ಬಳು ಮೊಮ್ಮಗಳು, ನಿಲ್ದಾಣದ ಬೇಲಿ. ವಿಮಾನ ಇಳಿಯುವ ಸದ್ದು, ಎರಡು ಮದ್ದಳೆ.

‘ಅಜ್ಜೀ, ಅದನ್ನ ಓಡ್ಸೋದು ಹೆಂಗಸ್ರಂತೆ.’

‘ಯಾರೇ ಅಂದಿದ್ದು?’

‘ನಮ್ಮ ಮೇಷ್ಟ್ರು.’

‘ಎಷ್ಟು ಜನ ಕೂತಿರ್ತಾರೆ ಮುಂದೆ?’

‘ಇಬ್ಬರು.’

‘ಹಂಗಾರೆ ಯಾವ ಕಡೆಯೋಳೇ?’

ಇದಕ್ಕೆ ಮೊಮ್ಮಗಳು ಏನು ಹೇಳುತ್ತಾಳೆ ಎಂಬುದನ್ನು ಬರೆಯುವವರೇ ಕಂಡುಕೊಳ್ಳಲಿ. ಬರೆಯುವ ಮೊದಲು ಜಕ್ಕೂರಿನ ಮೈದಾನವನ್ನೊಮ್ಮೆ ನೋಡಿ ಬನ್ನಿ. ಲಾಗ್‌ಬುಕ್ ಇಟ್ಟುಕೊಂಡ ಯಾರಾದರೂ ಸಿಕ್ಕರೆ ಅದರ ಒಂದು ಪುಟ ತೋರಿಸಿ ಎಂದು ಕೇಳಿ. ಗುಡವಿ ಸೊರಬದಿಂದ ಸುಮಾರು 16 ಕಿಲೋಮೀಟರ್. ಮಳೆಗಾಲ ಶುರುವಾದ ಮೇಲೆ, ಬೆಳಕು ಹರಿಯುವ ಮುಂಚೆ ಹೋಗಬೇಕು.